ಭಾನುವಾರದ ಫಾರ್ವರ್ಡ್ ಕ್ಲಾಸ್: ಎಲ್ಲಿಗೆ ಬಂತು?

ನಮ್ಮೂರ ಅರಿವು ಕೇಂದ್ರದಲ್ಲಿ (ಪಂಚಾಯಿತಿ ಲೈಬ್ರರಿ) ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಭಾನುವಾರ ಭಾನುವಾರ ಕೂತು, ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬರೋ ಸುಳ್ಳು ಸುದ್ದಿ ಹಿಡಿಯೋ ಕೆಲಸ ಶುರು ಮಾಡಿದ್ದೇನೆ, ಅದರ ವರದಿ ಇದು.

ಜೂನ್

ಪತ್ತೆ ಮಾಡೋದು ಇವರಿಗೆ ಸಲೀಸು. ವಾಟ್ಸಾಪ್ ಮೆಸೇಜಿನ ಮೇಲೆ ಎರಡು ಬಾಣ ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ಹೇಳಿದೆ. "ಸಾರ್, ಕಾಪಿ ಪೇಸ್ಟ್ ಮಾಡಿದ್ರೆ ಬಾಣ ಹೋಗತ್ತೆ" ಅಂತ ಹಿಂದಿನಿಂದ ಒಂದು ದನಿ. ನಿಜವೇ. ಬಾಣ ಇಲ್ಲ ಅಂದಮಾತ್ರಕ್ಕೆ ನಂಬಬೇಡಿ ಅಂತ ಅದನ್ನೂ ಬೋರ್ಡಿಗೆ ಹಾಕಿದೆವು.

ಅಭ್ಯಾಸಕ್ಕೆ ಹಳೇ ಸರಕು. ಯುನೆಸ್ಕೋ ನಮ್ಮ ರಾಷ್ಟ್ರಗೀತೆಗೆ ಮೊದಲ ಸ್ಥಾನ ಕೊಟ್ಟಿತು ಅನ್ನೋದು, 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅನ್ನೋದು. (ನೋಟೇ ಹೋಯ್ತು, ಚಿಪ್ಪಿನ ಕತೆ ಇನ್ನೂ ಓಡಾಡ್ತಿದೆ.) ಫೋಟೋ ಆದರೆ ಗೂಗಲ್ ಲೆನ್ಸ್‌ಗೆ ಹಾಕಿ, ಅದು ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕಿ ನೋಡ್ತಾರೆ. ನನಗಿಂತ ಬೇಗ.

ಜುಲೈ

ಮಕ್ಕಳ ಕಳ್ಳರ ವಿಡಿಯೋ ತೋರಿಸಿದೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಬೀದಿಯಲ್ಲಿ ಆಡ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಲ್ಲಿಗೆ ನಿಲ್ಲಿಸಿ "ಇದು ಎಲ್ಲಿ?" ಅಂತ ಕೇಳಿದೆ. ಎಲ್ಲರೂ ನಮ್ಮ ಕಡೆಯ ಊರುಗಳನ್ನೇ ಹೇಳಿದರು. ಆಮೇಲೆ ಪೂರ್ತಿ ವಿಡಿಯೋ ಹಾಕಿದೆ. ಬೈಕು ವಾಪಸ್ ಬರುತ್ತದೆ, ಮಗುವನ್ನು ಇಳಿಸಿ ಒಂದು ಫಲಕ ತೋರಿಸುತ್ತಾರೆ: ನಿಮ್ಮ ಮಕ್ಕಳ ಮೇಲೆ ಕಣ್ಣಿಡಿ. ಪಾಕಿಸ್ತಾನದ ಕರಾಚಿಯಲ್ಲಿ ಜಾಗೃತಿಗಾಗಿ ಮಾಡಿದ ಚಿತ್ರ ಅದು. ಕೊನೆಯ ಭಾಗ ಕತ್ತರಿಸಿ 2018ರಲ್ಲಿ ನಮ್ಮಲ್ಲೆಲ್ಲ ಹರಿಬಿಟ್ಟಿದ್ದರು.

ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತಲೂ ಹೇಳಿದೆ. ಹೈದರಾಬಾದ್ ಕಡೆಯಿಂದ ಬಂದಿದ್ದ ಸ್ನೇಹಿತರು ಹತ್ತಿರದ ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅನುಮಾನ. ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಮುರ್ಕಿ ತಲುಪಿತ್ತು. ಜನ ರಸ್ತೆಗೆ ಅಡ್ಡ ಹಾಕಿದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಆ ಸ್ನೇಹಿತರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಇಂಥ ಮೆಸೇಜ್ ಬಂದರೆ ಗ್ರೂಪಿಗಲ್ಲ, 112ಕ್ಕೆ ಫೋನ್ ಮಾಡೋದು ಅಂತ ಮಕ್ಕಳೇ ತೀರ್ಮಾನ ಮಾಡಿಕೊಂಡರು.

ಆಗಸ್ಟ್

ಕಷ್ಟ ಇರೋದು ಇಲ್ಲಿ. ಸುಳ್ಳು ಅಂತ ಗೊತ್ತಾಯ್ತು, ಸರಿ. ಕಳಿಸಿದವರು ದೊಡ್ಡಪ್ಪ ಆದರೆ?

ಒಬ್ಬ ಹುಡುಗ ಮನೆ ಗ್ರೂಪಲ್ಲೇ "ಫೇಕ್, ಡಿಲೀಟ್ ಮಾಡಿ" ಅಂತ ನಗೋ ಎಮೋಜಿ ಹಾಕಿದ. "ದೊಡ್ಡವರಿಗೆ ಬುದ್ಧಿ ಹೇಳ್ತೀಯಾ" ಅಂತ ಬೈಸಿಕೊಂಡು ಫೋನೂ ಕಳಕೊಂಡ. ಅಲ್ಲಿಂದ ಉತ್ತರ ಬರೆಯೋದನ್ನೇ ಕಲಿಯುತ್ತಿದ್ದೇವೆ. ನನ್ನ ಪ್ರಕಾರ ಇಡೀ ಕ್ಲಾಸಿನ ತಿರುಳು ಇದೇ.

ಒಂಬತ್ತನೇ ಕ್ಲಾಸಿನ ಹುಡುಗಿಗೆ ಸಿಕ್ಕ ಮೆಸೇಜು: ಬಿಸಿ ಎಳನೀರು ಕುಡಿದರೆ ಕ್ಯಾನ್ಸರ್ ಹೋಗುತ್ತೆ, ಮುಂಬೈನ ಟಾಟಾ ಮೆಮೋರಿಯಲ್ ಡಾಕ್ಟರೇ ಹೇಳಿದ್ದಾರೆ. ಗ್ರೂಪ್ ಬಿಟ್ಟು ದೊಡ್ಡಪ್ಪನಿಗೆ ಮಾತ್ರ ಬರೆದಳು: "ದೊಡ್ಡಪ್ಪ, ನಾವು ಹಾಗೆ ಹೇಳಿಲ್ಲ ಅಂತ ಟಾಟಾ ಆಸ್ಪತ್ರೆಯವರೇ ಹೇಳಿದ್ದಾರಂತೆ. ಯಾರಾದ್ರೂ ಇದನ್ನ ನಂಬಿ ಟ್ರೀಟ್‌ಮೆಂಟ್ ಬಿಟ್ಟುಬಿಟ್ರೆ ಅಂತ ಭಯ ಆಯ್ತು. ಲಿಂಕ್ ಕಳಿಸ್ಲಾ?" ಉತ್ತರವಾಗಿ ಒಂದು ಹೆಬ್ಬೆಟ್ಟು ಬಂತು. ಮೆಸೇಜು ಇನ್ನೂ ಗ್ರೂಪಲ್ಲೇ ಇದೆ. ಇರಲಿ, ಮುಂದಕ್ಕೆ ಹೋಗಿಲ್ಲ.

ಸುಳ್ಳು ಪೋಸ್ಟರ್ ಮೇಲೆ ಕೆಂಪು ಅಡ್ಡಗೀಟು ಎಳೆದು ಹಂಚಬಾರದು ಅಂತಲೂ ಮಾಡಿಕೊಂಡಿದ್ದೇವೆ. ಗೀಟು ಯಾರೂ ನೋಡಲ್ಲ, ಪೋಸ್ಟರ್ ನೋಡ್ತಾರೆ. ನಿಜ ಏನು ಅನ್ನೋದರಿಂದಲೇ ಶುರು ಮಾಡಬೇಕು.

ಮುಂದಿನ ಭಾನುವಾರ ವಾಯ್ಸ್ ಮೆಸೇಜ್. ಫೋಟೋದ ಹಾಗೆ ಲೆನ್ಸ್‌ಗೆ ಹಾಕೋಕೆ ಆಗಲ್ಲ ಅಲ್ವಾ, "ನಾನು ಆಸ್ಪತ್ರೆಯಿಂದ ಮಾತಾಡ್ತಿದೀನಿ" ಅನ್ನೋ ಥರದವನ್ನು ಹುಡುಕಿ ತರೋಕೆ ಹೇಳಿದ್ದೇನೆ.