ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ವಾರಾಂತ್ಯ: ದುಡ್ಡು ಸೋರುವುದು ಎಲ್ಲಿ, ಊಟ ಸಿಗುವುದು ಎಲ್ಲಿ

ರಜೆಗೆ ತುಮಕೂರಿಗೆ ಬಂದಾಗಿನಿಂದ ಜರ್ಮನಿಗೆ ಹೊರಟು ನಿಂತಿರುವ ಜೂನಿಯರ್‌ಗಳದ್ದು ಒಂದೇ ಪ್ರಶ್ನೆ. ಡ್ರೆಸ್ಡೆನ್‌ನಲ್ಲಿ ಓದುವಾಗ ಶನಿವಾರ ಭಾನುವಾರ ಪ್ರಾಗ್ ನೋಡಿ ಬರಬಹುದಂತೆ, ಎಷ್ಟು ಖರ್ಚಾಗುತ್ತೆ ಅಂತ. ಟಿಕೆಟ್ ದರ, ರೂಮಿನ ದರ ಆ್ಯಪ್‌ನಲ್ಲೇ ಸಿಗುತ್ತೆ. ನಾನು ಹೇಳಬೇಕಾದದ್ದು ಬೇರೆ. ಟಿಕೆಟ್ಟಿನಲ್ಲಿ ಕಷ್ಟಪಟ್ಟು ಉಳಿಸಿದ್ದನ್ನೆಲ್ಲ ಪ್ರಾಗ್‌ನಲ್ಲಿ ಯುರೋ ಬದಲಾಯಿಸುವ ಅಂಗಡಿಯವನು ಐದು ನಿಮಿಷದಲ್ಲಿ ಕಿತ್ತುಕೊಳ್ಳುತ್ತಾನೆ.

ಪ್ರಾಗ್ ಇರುವ ಜೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಯುರೋ ಅಲ್ಲ, ಕೊರುನಾ. ಒಂದು ಯುರೋಗೆ ಹೆಚ್ಚುಕಡಿಮೆ 24-25 ಕೊರುನಾ. ನನ್ನ ಜೊತೆ ಬಂದಿದ್ದ ಗುಬ್ಬಿಯ ಗೆಳೆಯ ಹಳೇ ಪಟ್ಟಣದ ಚೌಕದ ಹತ್ತಿರ 100 ಯುರೋ ನೋಟು ಕೊಟ್ಟ. ಬೋರ್ಡಿನಲ್ಲಿ ಕಮಿಷನ್ ಸೊನ್ನೆ ಅಂತ ದೊಡ್ಡದಾಗಿ ಬರೆದಿತ್ತು. ಕೈಗೆ ಬಂದದ್ದು 1,900 ಕೊರುನಾ. ಕಮಿಷನ್ ಹೆಸರಲ್ಲಿ ಏನೂ ಮುರಿದಿರಲಿಲ್ಲ, ದರದಲ್ಲೇ ಐದರಲ್ಲೊಂದು ಪಾಲು ನುಂಗಿದ್ದರು. ಕೇಳಿದರೆ ಗಾಜಿನ ಹಿಂದಿದ್ದವನು ರಸೀದಿ ಕಡೆ ಬೆರಳು ತೋರಿಸಿದ, ಅಷ್ಟೇ.

ನಮ್ಮ ಕ್ಲಾಸಿನ ಜೆಕ್ ಹುಡುಗಿಗೆ ಮೆಸೇಜ್ ಹಾಕಿದೆ. ಅವಳು ಹೇಳಿದ್ದನ್ನು ಪ್ರಾಗ್‌ಗೆ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕು. 2019ರ ಏಪ್ರಿಲ್‌ನಿಂದ ಅಲ್ಲಿ ಒಂದು ಕಾನೂನು ಇದೆ. 1,000 ಯುರೋ ಒಳಗೆ ಬದಲಾಯಿಸಿದ್ದನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ಕಾರಣ ಕೊಡಬೇಕಾಗಿಲ್ಲ. ನಾವು ವಾಪಸ್ ಹೋಗಿ ರಸೀದಿಯನ್ನೂ ಕೊರುನಾವನ್ನೂ ಕಿಂಡಿಯೊಳಗೆ ತಳ್ಳಿ 'ಸ್ಟೋರ್ನೋ', ಅಂದರೆ ರದ್ದು ಮಾಡು, ಅಂದೆವು. ಮೊದಲು ಕೇಳಿಸದ ಹಾಗೆ ಕೂತ. ನಾವು ಜಾಗ ಬಿಡಲಿಲ್ಲ. ಹಿಂದೆ ಸಾಲು ಬೆಳೆಯುತ್ತಾ ಹೋಯಿತು. ಕೊನೆಗೆ ಒಂದು ಮಾತೂ ಆಡದೆ 100 ಯುರೋ ವಾಪಸ್ ಕೊಟ್ಟ. ಆ ಚೀಟಿ ಇರದಿದ್ದರೆ ಏನೂ ಆಗುತ್ತಿರಲಿಲ್ಲ, ಹಾಗಾಗಿ ರಸೀದಿ ಜೋಪಾನ. ರಸ್ತೆಯಲ್ಲಿ ನಿಂತು ಒಳ್ಳೇ ರೇಟು ಕೊಡ್ತೀನಿ ಅನ್ನುವವರ ಹತ್ತಿರ ಮಾತ್ರ ಹೋಗಲೇಬೇಡಿ. ಬೇರೆ ದೇಶದ, ಚಲಾವಣೆಯಲ್ಲೇ ಇಲ್ಲದ ನೋಟು ಕೈಗೆ ತುರುಕಿ ಮಾಯವಾಗುತ್ತಾರೆ, ಅಲ್ಲಿ ಈ ಮೂರು ಗಂಟೆಯ ಕಾನೂನು ನೆರವಿಗೆ ಬರುವುದಿಲ್ಲ.

ನಗದು ಬೇಕಾದರೆ ಬ್ಯಾಂಕಿನ ಎಟಿಎಂಗೆ ಹೋಗಿ ಸ್ವಲ್ಪವೇ ತೆಗೆಯಿರಿ. ಯುರೋದಲ್ಲಿ ಲೆಕ್ಕ ಹಾಕಲೇ ಅಂತ ಸ್ಕ್ರೀನ್ ಕೇಳಿದರೆ ಬೇಡ ಅಂತ ಒತ್ತಿ. ಅಂಗಡಿಯ ಕಾರ್ಡ್ ಮಷಿನ್ ಕೇಳಿದರೂ ಅಷ್ಟೇ, ಕೊರುನಾದಲ್ಲೇ ಇರಲಿ. ಟ್ರಾಮ್‌ಗೆ ನಗದು ಬೇಕಾಗಿಲ್ಲ, ಒಳಗಿರುವ ಮಷಿನ್‌ಗೆ ಕಾರ್ಡ್ ಮುಟ್ಟಿಸಿದರೆ ಟಿಕೆಟ್ ಬರುತ್ತದೆ. ಕಾಗದದ ಟಿಕೆಟ್ ಕೊಂಡರೆ ಅದನ್ನು ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಲೇಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕು.

ಇನ್ನು ಊಟ. ಚೌಕದಲ್ಲಿ ಮರದ ಗೂಡಂಗಡಿಗಳಲ್ಲಿ ಬಿಸಿಬಿಸಿ ಆಲೂಗಡ್ಡೆ ಹಿಟ್ಟಿನ ಹಾಲುಷ್ಕಿ ಮಾರುತ್ತಾರೆ. ಬೋರ್ಡಿನಲ್ಲಿರುವ ಬೆಲೆ 100 ಗ್ರಾಂಗೆ. ಆ '100 ಗ್ರಾಂ' ಮೂಲೆಯಲ್ಲಿ ಇರುವೆ ಅಕ್ಷರದಲ್ಲಿರುತ್ತದೆ. ನಾವು ಸ್ವಲ್ಪ ಸಾಕು ಅಂತ ಕೈ ಅಡ್ಡ ಹಿಡಿದರೂ ಅವನು ತಟ್ಟೆ ತುಂಬಾ ಸುರಿದು ತಕ್ಕಡಿಗೆ ಇಟ್ಟ. 400 ಕೊರುನಾ ಹತ್ತಿರ ಬಂತು. ಪರಸ್ಥಳದ ಹುಡುಗರನ್ನು ಹೀಗೆ ಸುಲಿಯುವುದು ನನಗೆ ಈಗಲೂ ಸಿಟ್ಟು ಬರಿಸುತ್ತದೆ.

ಅಲ್ಲಿಂದ ಹೊರಬನ್ನಿ. 9ನೇ ನಂಬರಿನ ಟ್ರಾಮ್ ಹತ್ತಿ ಝಿಝ್ಕೊವ್ ಅನ್ನುವ ಬಡಾವಣೆ ಕಡೆ ಲಿಪಾನ್ಸ್ಕಾ ಸ್ಟಾಪಿನಲ್ಲಿ ಇಳಿಯಿರಿ. ಅಲ್ಲಿನ ಅಡ್ಡರಸ್ತೆಗಳಲ್ಲಿ ಬಾಗಿಲ ಹೊರಗೆ ಸೀಮೆಸುಣ್ಣದಲ್ಲಿ ಮೆನು ಬರೆದಿಟ್ಟ ಸಣ್ಣ ಸಣ್ಣ ಹೋಟೆಲುಗಳಿವೆ. ಮಧ್ಯಾಹ್ನದ ಅಗ್ಗದ ಊಟ ಹೆಚ್ಚಾಗಿ ವಾರದ ದಿನಗಳಲ್ಲಿ ಮಾತ್ರ, ಅದಕ್ಕೇ ಶುಕ್ರವಾರ ಬೆಳಿಗ್ಗೆಯೇ ಹೊರಡಿ ಅನ್ನುತ್ತೇನೆ. ನಾನು ಮಾಂಸ ತಿನ್ನುವುದಿಲ್ಲ. ಮೆನುವಿನಲ್ಲಿ 'ಬೆಜ್‌ಮಸಾ' (ಮಾಂಸವಿಲ್ಲದ್ದು) ಅಂತ ಇರುವ ಕಡೆ ನಮ್ಮಂಥವರ ಊಟ ಇರುತ್ತದೆ, ಆದರೂ ಸೂಪಿಗೆ ಮೂಳೆ ಬೇಯಿಸಿದ ನೀರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ನಾವು ಹೋದ ಹೋಟೆಲಿನಲ್ಲಿ ಹಾಕಿರಲಿಲ್ಲ. ಮೊದಲು ಆಲೂಗಡ್ಡೆ, ಅಣಬೆ ಹಾಕಿದ ಗಟ್ಟಿ ಸೂಪು, ಜೊತೆಗೆ ಸೋಂಪಿನ ಹಾಗೆ ಘಮ್ಮೆನ್ನುವ ಕಾಳು ಹಾಕಿದ ಕಂದು ಬ್ರೆಡ್ಡು. ಆಮೇಲೆ ಅಂಗೈ ಅಗಲದ ಚೀಸಿನ ತುಂಡನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು, ಬೆಣ್ಣೆ ಹಚ್ಚಿದ ಬೇಯಿಸಿದ ಆಲೂಗಡ್ಡೆ. ಚಾಕು ಇಟ್ಟ ಕೂಡಲೇ ಒಳಗಿನ ಚೀಸು ತಟ್ಟೆಗೆ ಹರಿಯಿತು. ನಾವು ಮನೆಯಿಂದ ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿ ತೆಗೆದೆವು. ಬಡಿಸುತ್ತಿದ್ದ ಅಜ್ಜಿ ಬಂದು ಮೂಸಿ ನೋಡಿ, ಬೆರಳ ತುದಿಯಲ್ಲಿ ನೆಕ್ಕಿ, ಒಳಗೆ ಹೋಗಿ ಇನ್ನೊಂದಷ್ಟು ಆಲೂಗಡ್ಡೆ ತಂದು ಹಾಕಿದರು. ಟೇಬಲ್ ಮೇಲೆ ಒಂದು ಚೀಟಿ ಇಟ್ಟಿರುತ್ತಾರೆ, ತಂದುಕೊಟ್ಟ ಪ್ರತಿಯೊಂದಕ್ಕೂ ಅದರಲ್ಲಿ ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಆ ಆಲೂಗಡ್ಡೆಗೆ ಗೆರೆ ಬೀಳಲಿಲ್ಲ. ಒಬ್ಬರಿಗೆ 169 ಕೊರುನಾ, ಅಂದರೆ 7 ಯುರೋ. ಇಂಥ ಕಡೆ ಕಾರ್ಡ್ ನಡೆಯದೇ ಇರಬಹುದು, ಆ ಸ್ವಲ್ಪ ನಗದು ಇರಬೇಕಾದದ್ದು ಇದಕ್ಕೇ.

ನೋಡುವ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನಗೆ ನೂಕುನುಗ್ಗಲು ಆಗುವುದಿಲ್ಲ. 1357ರಲ್ಲಿ ಕಟ್ಟಲು ಶುರುಮಾಡಿದ ಚಾರ್ಲ್ಸ್ ಸೇತುವೆ ನಿಜಕ್ಕೂ ಚೆಂದ, ಆದರೆ ಹತ್ತು ಗಂಟೆ ಮೇಲೆ ಅಲ್ಲಿ ಸಿದ್ಧಗಂಗೆ ಜಾತ್ರೆಯ ಜನ. ಬೆಳಿಗ್ಗೆ ಏಳರೊಳಗೆ ಹೋಗಿ. ಹಳೇ ಪಟ್ಟಣದ ಚೌಕದಲ್ಲಿರುವ 1410ರ ಗಡಿಯಾರ ಗಂಟೆ ಹೊಡೆಯುವುದನ್ನು ನೋಡಲು ಜನ ಕತ್ತೆತ್ತಿ ಕಾಯುತ್ತಾರೆ, ಗೊಂಬೆಗಳು ಬಂದು ಹೋಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಜೇಬುಗಳ್ಳರಿಗೆ ಅದು ಒಳ್ಳೇ ಸಮಯ. ಊಟ ಮುಗಿಸಿ ಝಿಝ್ಕೊವ್‌ನಿಂದಲೇ ವೀಟ್ಕೊವ್ ಗುಡ್ಡಕ್ಕೆ ನಡೆಯಿರಿ. ಮೇಲೆ ಕುದುರೆ ಮೇಲೆ ಕೂತ ಹಳೇ ಕಾಲದ ಜೆಕ್ ಸೇನಾಪತಿ ಯಾನ್ ಝಿಝ್ಕನ ದೊಡ್ಡ ಪ್ರತಿಮೆ ಇದೆ, ಇಡೀ ಊರು ಕಾಣುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಬರುವಾಗ ಬಸ್ ಹಿಡಿಯಬೇಡಿ. ಭಾನುವಾರ ಸಂಜೆ ಫ್ಲೊರೆಂಟ್ಸ್ ನಿಲ್ದಾಣಕ್ಕೆ ನಮ್ಮ ಬಸ್ ಬಂದದ್ದೇ ತಡವಾಗಿ, ಅದರ ಶೌಚಾಲಯಕ್ಕೆ ಬೀಗ, ಯಾವಾಗ ಹೊರಡುತ್ತದೆ ಅಂತ ಡ್ರೈವರ್‌ನೂ ಹೇಳಲಿಲ್ಲ, ಆ್ಯಪೂ ಹೇಳಲಿಲ್ಲ. ಸಾಲದ್ದಕ್ಕೆ ಗಡಿ ಬೇರೆ. 2023ರ ಅಕ್ಟೋಬರ್‌ನಲ್ಲಿ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಶುರುಮಾಡಿತು. ಪೊಲೀಸರು ಬಸ್ ಹತ್ತಿ ಎಲ್ಲರ ಕಾಗದ ನೋಡಿದರು. ಮೊಬೈಲ್‌ನಲ್ಲಿ ಫೋಟೋ ಮಾತ್ರ ಇದ್ದ ಒಬ್ಬ ಹುಡುಗನನ್ನು ಕೆಳಗಿಳಿಸಿದರು, ಅವನ ವಿಷಯ ಇತ್ಯರ್ಥ ಆಗುವವರೆಗೆ ಇಡೀ ಬಸ್ ಕಾಯಿತು. ಪಾಸ್‌ಪೋರ್ಟ್, ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಎರಡೂ ಅಸಲಿಯೇ ಜೇಬಿನಲ್ಲಿರಲಿ. ಕಾರ್ಡಿನ ಅವಧಿ ಮುಗಿದು ಹೊಸದಕ್ಕೆ ಕಾಯುತ್ತಿದ್ದರೆ ವಿದೇಶಿಯರ ಕಚೇರಿಯಲ್ಲಿ ಕೇಳದೆ ಹೊರಡಬೇಡಿ.

ರೈಲಿನಲ್ಲೂ ಪೊಲೀಸರು ಬರುತ್ತಾರೆ, ಆದರೆ ಕಾಲು ಚಾಚಲು ಜಾಗ ಇರುತ್ತದೆ, ಶೌಚಾಲಯ ತೆರೆದಿರುತ್ತದೆ. ಎರಡೂವರೆ ಗಂಟೆಯೊಳಗಿನ ದಾರಿ, ಬಹುತೇಕ ನದಿ ದಂಡೆಯಲ್ಲೇ. ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ. ಕೆಲವು ವಾರ ಮುಂಚೆ ತೆಗೆದರೆ ಟಿಕೆಟ್ ಅಗ್ಗ. ಭಾನುವಾರ ಸಂಜೆಯ ಗಾಡಿ ತುಂಬಿರುತ್ತದೆ, ಸೀಟು ಕಾಯ್ದಿರಿಸಲು ಕೊಡುವ ಆ ಚೂರು ದುಡ್ಡಿಗೆ ಹಿಂದೆಮುಂದೆ ನೋಡಬೇಡಿ.