ಉತ್ತರ ಕೊಟ್ಟೇ ಲೆಕ್ಕ ಕೇಳಿದರೆ

ನಾನು ಕೊಡುವ ಅಸೈನ್‌ಮೆಂಟ್‌ನಲ್ಲಿ ಪ್ರತಿ ಲೆಕ್ಕದ ಕೆಳಗೇ ಅದರ ಉತ್ತರವೂ ಇರುತ್ತದೆ. ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿದ್ಯಾರ್ಥಿಗಳಿಗೆ ಫ್ಲೂಯಿಡ್ ಮೆಕ್ಯಾನಿಕ್ಸ್, ಅಂದರೆ ನೀರಿನಂಥ ಹರಿಯುವ ವಸ್ತುಗಳ ಒತ್ತಡ, ಚಲನೆಯ ಪಾಠ ಕಲಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದ ಅಧ್ಯಾಪಕರು ನನ್ನ ಹಾಳೆ ನೋಡಿ, "ಉತ್ತರಾನೂ ನೀವ ಕೊಟ್ರ ಹುಡುಗ್ರು ಮಾಡೂದೇನು ಉಳೀತ್ರಿ ಸರ್?" ಎಂದು ಕೇಳುತ್ತಾರೆ. ಮಾಡಬೇಕಾದದ್ದೆಲ್ಲ ಉಳಿದಿರುತ್ತದೆ, ಬೆಲೆ ಕಳೆದುಕೊಳ್ಳುವುದು ನಕಲು ಮಾಡಿ ತರುವ ಕೊನೆಯ ಒಂದು ಅಂಕಿ ಮಾತ್ರ.

ಅಸೈನ್‌ಮೆಂಟ್ ಹೇಗೆ ತಯಾರಾಗುತ್ತದೆ ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಹಾಸ್ಟೆಲಿನಲ್ಲಿ ಒಬ್ಬ ಕೂತು ಬಿಡಿಸುತ್ತಾನೆ. ಅವನ ಹಾಳೆಯ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ. ಬೆಳಗಾಗುವುದರೊಳಗೆ ಇಡೀ ಕ್ಲಾಸಿನದು ಮುಗಿದಿರುತ್ತದೆ. ಮೂಲದವನು 6 ಬರೆದು ಅದರ ಮೇಲೆ 8 ತಿದ್ದಿದ್ದರೆ ಆ ತಿದ್ದುಪಡಿಯೂ ಸಾಲಾಗಿ ಎಲ್ಲರ ಹಾಳೆಯಲ್ಲೂ ಬಂದಿರುತ್ತದೆ! ಈಗ ಆ ಒಬ್ಬನೂ ಬೇಕಿಲ್ಲ, ಪ್ರಶ್ನೆಯ ಫೋಟೊ ತೆಗೆದರೆ ಫೋನೇ ಹಂತ ಹಂತವಾಗಿ ಬಿಡಿಸಿ ಕೊಡುತ್ತದೆ. ಬೈದು ಪ್ರಯೋಜನವಿಲ್ಲ. ಕೊನೆಗೆ ಚೌಕ ಹಾಕಿ ಎರಡು ಗೆರೆ ಎಳೆದ ಆ ಅಂಕಿಗೆ ಮಾರ್ಕ್ಸ್ ಇಟ್ಟವರು ನಾವು, ಅವರು ಅದನ್ನೇ ತಂದು ಕೊಡುತ್ತಾರೆ.

ಹಾಗಾಗಿ ಮಾರ್ಕ್ಸ್ ಇರುವ ಜಾಗವನ್ನೇ ಬದಲಿಸಿದೆ. ಹತ್ತರಲ್ಲಿ ಲೆಕ್ಕಕ್ಕೆ ನಾಲ್ಕೇ. ಮೂರು ಅಂದಾಜಿಗೆ. ಪ್ರಶ್ನೆ ಕೊಡುವ ದಿನ ಪೀರಿಯಡ್ಡಿನ ಕೊನೆಯ ಐದು ನಿಮಿಷ ಪುಸ್ತಕ, ಫೋನು ಎರಡೂ ಮುಚ್ಚಿಸಿ, ಉತ್ತರ ಎಷ್ಟಿರಬಹುದು, ಯಾಕೆ ಎಂದು ಪೆನ್ನಿನಲ್ಲಿ ಒಂದು ಸಾಲು ಬರೆಸುತ್ತೇನೆ. ಆಮೇಲೆಯೇ ಉತ್ತರವಿರುವ ಹಾಳೆ ಹಂಚುವುದು. ಅಂದಾಜು ತಪ್ಪಿದರೆ ಮಾರ್ಕ್ಸ್ ಹೋಗುವುದಿಲ್ಲ, ಕಾರಣ ಬರೆಯದಿದ್ದರೆ ಹೋಗುತ್ತದೆ. ಉಳಿದ ಮೂರು, ಬಂದ ಉತ್ತರ ನಂಬಬಹುದೇ ಎಂದು ಪರೀಕ್ಷಿಸಿದ್ದಕ್ಕೆ. ಇನ್ನೊಂದು ಮಾತು ಮೊದಲೇ ಹೇಳಿರುತ್ತೇನೆ: ಐದು ಉತ್ತರಗಳಲ್ಲಿ ಒಂದು ತಪ್ಪಿದೆ, ಯಾವುದೆಂದು ಕೇಳಬೇಡಿ. ಇದಿಲ್ಲದಿದ್ದರೆ ಕೊಟ್ಟ ಉತ್ತರಕ್ಕೆ ತಮ್ಮ ಲೆಕ್ಕವನ್ನು ಹೇಗಾದರೂ ಎಳೆದು ಜೋಡಿಸುವುದರಲ್ಲಿ ನಮ್ಮ ಹುಡುಗರು ಬಲು ಚಾಲಾಕು, ಎಲ್ಲಿಂದಲೋ ಒಂದು 1000 ಬಂದು ಗುಣಾಕಾರಕ್ಕೆ ಕೂತುಬಿಡುತ್ತದೆ.

ಪ್ರತಿ ವರ್ಷ ಕೊಡುವ ಒಂದು ಲೆಕ್ಕ ಆಲಮಟ್ಟಿ ಅಣೆಕಟ್ಟನ್ನು ನೋಡಿ ಮಾಡಿದ್ದು. ಅಲ್ಲಿರುವ 26 ಗೇಟುಗಳೂ ರೇಡಿಯಲ್, ಅಂದರೆ ಬಾಗಿದ ತಗಡಿನವು. ಲೆಕ್ಕ ಸುಲಭವಾಗಲಿ ಎಂದು ನಾನು ಪೂರ್ಣ ಅಂಕಿ ಕೊಡುತ್ತೇನೆ: ಗೇಟಿನ ಅಗಲ 15 ಮೀಟರ್, ಅದರ ಹಿಂದೆ ನಿಂತ ನೀರು 10 ಮೀಟರ್. ಗೇಟಿನ ಮೇಲೆ ಅಡ್ಡ ದಿಕ್ಕಿಗೆ ಬೀಳುವ ಬಲ ಎಷ್ಟು? ಅಂದಾಜು ಬರೆಯಿರಿ ಎಂದರೆ ಹತ್ತು ಟನ್‌ನಿಂದ ಐದು ಲಕ್ಷ ಟನ್‌ವರೆಗೆ ಬರುತ್ತದೆ. ಒಬ್ಬಳು 'ಒಂದು ರೈಲ್ವೆ ಎಂಜಿನ್ನಿನ ತೂಕ' ಎಂದು ಬರೆದಿದ್ದಳು. ನನಗೆ ಬಹಳ ಹಿಡಿಸಿದ ಅಂದಾಜು ಅದು. ಗೂಡ್ಸ್ ಎಳೆಯುವ ಎಂಜಿನ್ ಒಂದು 120 ಟನ್ ಆಸುಪಾಸು ತೂಗುತ್ತದೆ. ಇಲ್ಲಿ ಬರುವ ಉತ್ತರ 7.36 ಮೆಗಾನ್ಯೂಟನ್, ಸುಮಾರು 750 ಟನ್. ಆರು ಎಂಜಿನ್ ಆಯಿತು. ತಪ್ಪೇನೋ ಹೌದು, ಆದರೆ ಕಣ್ಣ ಮುಂದೆ ತೂಕ ತಂದುಕೊಂಡು ತಪ್ಪಿದ್ದಳು.

ಮೊದಲೆಲ್ಲ ಇದೇ ಲೆಕ್ಕಕ್ಕೆ ಅರ್ಧ ಕ್ಲಾಸು 7.36 ಕಿಲೋನ್ಯೂಟನ್ ಎಂದು ಬರೆದು ಚೌಕ ಹಾಕುತ್ತಿತ್ತು. ಅದು ಹುಟ್ಟುವ ಬಗೆ ಹೀಗೆ: ಒಂದು ಘನ ಮೀಟರ್ ನೀರಿನ ತೂಕ 9.81 ಕಿಲೋನ್ಯೂಟನ್ ಎಂದು ಹಿಡಿಯುತ್ತಾರೆ. ಅದನ್ನು ಸರಾಸರಿ ಆಳ 5, ಗೇಟಿನ ವಿಸ್ತೀರ್ಣ 150 ಎರಡರಿಂದಲೂ ಗುಣಿಸಿದರೆ 7357.5 ಬರುತ್ತದೆ. ಅದು ಆಗಲೇ ಕಿಲೋನ್ಯೂಟನ್, ಅಂಥ ಸಾವಿರ ಸೇರಿದರೆ ಒಂದು ಮೆಗಾನ್ಯೂಟನ್. ಆದರೆ ದೊಡ್ಡ ಅಂಕಿ ಕಂಡ ಕೂಡಲೇ ರೂಢಿಯಂತೆ ಕೈ ಮತ್ತೊಮ್ಮೆ 1000ದಿಂದ ಭಾಗಿಸಿಬಿಡುತ್ತದೆ. 7.36 ಕಿಲೋನ್ಯೂಟನ್ ಎಂದರೆ 750 ಕೆಜಿ, ಒಂದು ಜೋಡೆತ್ತಿನ ತೂಕ. ಕೃಷ್ಣಾ ನದಿಯನ್ನು ಎರಡು ಎತ್ತು ತಡೆದು ನಿಲ್ಲಿಸಿದ ಹಾಗೆ! ಉತ್ತರ ಎದುರಿಗಿದ್ದಾಗ ಈ ಹುಡುಗ ಚೌಕ ಹಾಕಿ ಏಳುವಂತಿಲ್ಲ, ಆ ಸಾವಿರ ಎಲ್ಲಿ ಕಳೆಯಿತು ಎಂದು ಹಿಂದಕ್ಕೆ ನಡೆಯಬೇಕು. ಆ ಹಿಂದಿನ ನಡಿಗೆಗಾಗಿಯೇ ನಾನು ಉತ್ತರ ಕೊಡುವುದು. ಕೆಲವೊಮ್ಮೆ ಬೇಕೆಂದೇ 14.7 ಮೆಗಾನ್ಯೂಟನ್ ಎಂದು ಅಚ್ಚು ಹಾಕಿಸುತ್ತೇನೆ. ತಳದಲ್ಲಿರುವ ಒತ್ತಡವನ್ನೇ ಇಡೀ ಗೇಟಿಗೆ ಹಚ್ಚಿದರೆ ಬರುವ ಅಂಕಿ ಅದು, ಸರಿ ಉತ್ತರದ ದುಪ್ಪಟ್ಟು. "ಸರ್, ಇದ ತಪ್ಪೈತ್ರಿ, ಮ್ಯಾಲ ನೀರಿನ ಒತ್ತಡ ಸೊನ್ನೀನ ಅಲ್ರಿ" ಎಂದು ಯಾರಾದರೂ ಬಂದರೆ ಆ ವಾರ ಚೆನ್ನಾಗಿ ಕಳೆಯುತ್ತದೆ.

ಅಂದಾಜು ಬರೆಸಲು ಶುರುಮಾಡಿದ ಮೇಲೆ ಪ್ರಶ್ನೆಗಳು ಬರುವ ದಾರಿಯೂ ಬೇರೆಯಾಯಿತು. ಬೀಳಗಿ ಕಡೆಯ ಒಬ್ಬ ಹುಡುಗ ಎದ್ದು ನಿಂತ: "ನಾ ಆಲಮಟ್ಟಿ ನೋಡೇನ್ರಿ. ಗೇಟ್ ಎತ್ತೂ ಮೋಟರ್ ಅಷ್ಟೇನ್ ದೊಡ್ಡದಿಲ್ರಿ. ಅದು 750 ಟನ್ ಹೆಂಗ ಎತ್ತತೈತ್ರಿ?" ಪುಸ್ತಕದಲ್ಲಿರುವ ಲೆಕ್ಕ ಸರಿಯಾಗಿ ಬಿಡಿಸಿದವರು ಯಾರೂ ಇದನ್ನು ಕೇಳಿರಲಿಲ್ಲ. "ನೀನ ಬೋರ್ಡಿಗೆ ಬಾರಪಾ, ಬಾಗಿದ ಗೇಟಿನ ಮ್ಯಾಲ ಒತ್ತಡದ ಬಾಣ ತಗಿ" ಎಂದೆ. ನಿಂತ ನೀರಿನ ಒತ್ತಡ ಯಾವಾಗಲೂ ಮೇಲ್ಮೈಗೆ ಲಂಬವಾಗಿಯೇ ಬೀಳುತ್ತದೆ. ತಗಡು ವೃತ್ತದ ತುಂಡಾದ್ದರಿಂದ ಒಂದೊಂದೇ ಬಾಣ ಎಳೆಯುತ್ತಾ ಹೋದರೆ ಎಲ್ಲವೂ ಆ ವೃತ್ತದ ಕೇಂದ್ರದ ಕಡೆಗೇ ಓಡುತ್ತವೆ. ಗೇಟು ತಿರುಗುವ ಕೀಲು, ಅಂದರೆ ಟ್ರನಿಯನ್, ಇರುವುದು ಆ ಕೇಂದ್ರದಲ್ಲೇ. ಬಲ ಕೀಲಿನ ಮೂಲಕವೇ ಹಾದುಹೋದರೆ ತಿರುಗಿಸುವ ಶಕ್ತಿ ಸೊನ್ನೆ. 750 ಟನ್ನೂ ಟ್ರನಿಯನ್ ಮೂಲಕ ಕಾಂಕ್ರೀಟಿಗೆ ಇಳಿಯುತ್ತದೆ, ಮೋಟರಿಗೆ ಉಳಿಯುವುದು ಗೇಟಿನ ಸ್ವಂತ ಭಾರ ಮತ್ತು ಕೀಲಿನಲ್ಲಿ, ಅಂಚಿನ ರಬ್ಬರಿನಲ್ಲಿ ಆಗುವ ಘರ್ಷಣೆ. ನೇರವಾಗಿ ಮೇಲೇಳುವ ಚಪ್ಪಟೆ ಗೇಟಿಗೆ ಈ ಅನುಕೂಲ ಇಲ್ಲ, ನೀರು ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ. ಐದನೇ ಬಾಣ ಎಳೆಯುವಾಗಲೇ ಹುಡುಗ "ಓಹ್" ಎಂದ. ಉಳಿದ ಬಾಣ ಎಳೆಯಲು ಸೀಮೆಸುಣ್ಣ ಕೇಳಿ ಇಬ್ಬರು ಎದ್ದು ಬಂದರು.

ಆಮೇಲಿನ ಪ್ರಶ್ನೆಯನ್ನು ನಾನು ಸೇರಿಸಿದ್ದು. ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಊರಿದು, 519, 524 ಎನ್ನುವ ಅಂಕಿ ಇಲ್ಲಿ ಚಹಾದ ಅಂಗಡಿಯಲ್ಲೂ ಕೇಳಿಬರುತ್ತದೆ. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256. ವ್ಯತ್ಯಾಸ 4.656 ಮೀಟರ್. ನನ್ನ ಲೆಕ್ಕದ ಗೇಟಿನ ಹಿಂದೆ ಅಷ್ಟೇ ನೀರು ಏರಿದರೆ ಬಲ ಎಷ್ಟಾಗುತ್ತದೆ? ಎಲ್ಲರೂ ಒಂದೂವರೆ ಪಟ್ಟು ಎನ್ನುತ್ತಾರೆ, ಯಾಕೆಂದರೆ ಎತ್ತರ ಏರಿದ್ದು ಅಷ್ಟೇ. ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ, 750 ಟನ್ ಇದ್ದದ್ದು 1611 ಟನ್ ಆಗುತ್ತದೆ. ರಾಜಕೀಯ ಮಾತಾಡದೆ ಇಷ್ಟು ಹೇಳಿ ನಿಲ್ಲಿಸುತ್ತೇನೆ. ಕ್ಲಾಸು ಬಿಟ್ಟ ಮೇಲೆ ಅವರು ಮಾತಾಡಿಕೊಳ್ಳುತ್ತಾರೆ.

ಗಣಿತ ವಿಭಾಗದ ಗೆಳೆಯರೊಬ್ಬರು ನ್ಯೂಟನ್ನನ ತಣಿಯುವಿಕೆಯ ಲೆಕ್ಕಕ್ಕೂ ಇದನ್ನೇ ಹಚ್ಚಿ ನೋಡಿದರು. ಮಹಾಲಿಂಗಪುರದ ಬೆಲ್ಲ: 115 ಡಿಗ್ರಿಯಲ್ಲಿ ಇಳಿಸಿದ್ದು, ಸುತ್ತಲಿನ ಗಾಳಿ 30, ಹತ್ತು ನಿಮಿಷಕ್ಕೆ 80, ಹಾಗಾದರೆ 50ಕ್ಕೆ ಬರುವುದು ಯಾವಾಗ? ಉತ್ತರ 27.3 ನಿಮಿಷ. ಬಹಳ ಹೊತ್ತು ಬಿಟ್ಟರೆ ಸೂತ್ರ 30 ಕೊಡುತ್ತದೆಯೇ ಎಂದು ನೋಡಿ ಎಂದರೆ ಸಾಕು, ಚಿಹ್ನೆ ತಪ್ಪಿದವರ ಬೆಲ್ಲ ಒಲೆಯಿಂದ ಇಳಿದ ಮೇಲೂ ಕಾಯುತ್ತಲೇ ಹೋಗಿರುತ್ತದೆ. ಗಾಣದ ಮನೆಯ ಹುಡುಗಿಯೊಬ್ಬಳು ಉತ್ತರ ನಂಬಬಹುದೇ ಎಂದು ಬರೆಯುವ ಸಾಲಿನಲ್ಲಿ 'ಬೆಲ್ಲವನ್ನು ತಿರುವುತ್ತಿರುತ್ತಾರೆ, ಹಾಗಾಗಿ ಕೆ ಒಂದೇ ಸಮ ಇರುವುದಿಲ್ಲ' ಎಂದು ಬರೆದಳು. ಕೆ ಎಂದರೆ ಸೂತ್ರದಲ್ಲಿ ತಣಿಯುವ ವೇಗವನ್ನು ಹೇಳುವ ಅಂಕಿ. ಅವರು ಪೂರ್ತಿ ಮಾರ್ಕ್ಸ್ ಕೊಟ್ಟರು.

ಎಲ್ಲ ಕಡೆ ಇದು ನಡೆಯುವುದಿಲ್ಲ. ಲ್ಯಾಪ್ಲಾಸ್, ಫೋರಿಯರ್ ಸರಣಿಯಂಥ ಗಣಿತದ ಪಾಠಗಳಲ್ಲಿ ಅಂದಾಜು ಮಾಡು ಎಂದರೆ ಹುಡುಗರು ಸೂರು ನೋಡುತ್ತಾರೆ. ಅಲ್ಲಿ ಕೈ ಪಳಗಬೇಕು, ಹಳೆಯ ಪದ್ಧತಿಯೇ ಸರಿ. ತಿದ್ದಲು ಹೊತ್ತೂ ಹೆಚ್ಚು ಹಿಡಿಯುತ್ತದೆ, ಯಾಕೆಂದರೆ ಕೊನೆಯ ಸಾಲು ನೋಡಿ ರೈಟ್ ಹಾಕುವಂತಿಲ್ಲ, ವಾಕ್ಯ ಓದಬೇಕು. ಅದಕ್ಕೇ ಹತ್ತು ಲೆಕ್ಕ ಕೊಡುತ್ತಿದ್ದಲ್ಲಿ ಈಗ ಐದೇ ಕೊಡುತ್ತೇನೆ. ಇನ್ನು ನಕಲು ನಿಂತಿತೇ ಎಂದು ಕೇಳಿದರೆ, ನಾಲ್ಕು ಮಾರ್ಕ್ಸಿನ ಭಾಗ ಈಗಲೂ ಗುಂಪಿನಲ್ಲಿ ಓಡಾಡುತ್ತದೆ. ಅಂದಾಜಿನ ಸಾಲು ಮಾತ್ರ ಅವರವರ ಅಕ್ಷರದಲ್ಲೇ ಇರುತ್ತದೆ, ನಾನು ಮೊದಲು ಓದುವುದೂ ಅದನ್ನೇ.