ಡಿಸೆಂಬರ್ ಬಿಸಿಲು ನೋಡದೆ ತರಕಾರಿ ಮಡಿ ಹಾಕಬೇಡಿ

ಮೂಡಿಗೆರೆ ಕಡೆಯ ಒಂದು ಅರೇಬಿಕಾ ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವನು. ಸಾಹುಕಾರ್ರು ತೋಟದ ಮಧ್ಯೆ ರೂಮುಗಳನ್ನು ಕಟ್ಟಿಸಿ ರೆಸಾರ್ಟ್ ಶುರು ಮಾಡಿದ ಮೇಲೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಾಫಿ ಒಣಗಿಸುವ ಕಣದ ಜೊತೆಗೆ ಕಿಚನ್ ಗಾರ್ಡನ್ ಕೂಡ ನನ್ನ ಪಾಲಿಗೆ ಬಂತು. ಅಲ್ಲಿ ಒಂದು ಡಿಸೆಂಬರ್ ಬೆಳಗ್ಗೆ ನಡೆದದ್ದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ಹಣ್ಣು ಕುಯ್ಯುತ್ತಿದ್ದ ಹೆಂಗಸರ ಮೇಲೆ ಮರದ ಕೊಂಬೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅದೂ ಟೊಮೆಟೊಗೋಸ್ಕರ. ಕಡಿದ ಮರಕ್ಕೂ ಮಡಿಯ ಮೇಲಿದ್ದ ನೆರಳಿಗೂ ಸಂಬಂಧವೇ ಇರಲಿಲ್ಲ ಅನ್ನೋದು ಇನ್ನೂ ಬೇಜಾರು.

ಜಾಗ ಆರಿಸಿದ್ದು ಮಾರ್ಚ್ ತಿಂಗಳಲ್ಲಿ. ಆರ್ಕಿಟೆಕ್ಟ್, ರೆಸಾರ್ಟಿನ ಜನರಲ್ ಮ್ಯಾನೇಜರ್ (ಜಿಎಂ), ನಾನು ಮೂವರೂ ನಿಂತು ನೋಡಿದೆವು. ಅಡುಗೆಮನೆ ಹಿಂದೆ ನಾಲ್ಕೈದು ಗುಂಟೆ ಜಾಗ. ಹಳೇ ಗಿಡ ಕಿತ್ತು ಖಾಲಿ ಬಿಟ್ಟಿದ್ದು. ದಕ್ಷಿಣಕ್ಕೆ ಸಿಲ್ವರ್ ಓಕ್ ಸಾಲು. ಉತ್ತರದ ಮೂಲೆಯಲ್ಲಿ ದೊಡ್ಡದೊಂದು ಅತ್ತಿಮರ, ಅದರ ತುಂಬ ಕಾಳುಮೆಣಸಿನ ಬಳ್ಳಿ. ಅಂಚಿನಲ್ಲಿ ಹಾಲುವಾಣ. ಆ ಹೊತ್ತಿಗೆ ಹಾಲುವಾಣ ಎಲೆಯನ್ನೆಲ್ಲ ಉದುರಿಸಿ ಬರೀ ಕೆಂಪು ಹೂವಿನಲ್ಲಿ ನಿಂತಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತು, ನೆಲದ ಮೇಲೆ ಕಣ್ಣು ಕುಕ್ಕುವ ಬಿಸಿಲು.

"ಇಲ್ಲಿ ಟೊಮೆಟೊ ಬರುತ್ತಾ ರೈಟ್ರೇ?" ಅಂತ ಜಿಎಂ ಕೇಳಿದರು.

"ಬರುತ್ತೆ ಸಾರ್" ಅಂದೆ. ಕಣ್ಣಿಗೆ ಕಂಡ ಬಿಸಿಲು ನೋಡಿ ಹೇಳಿದ ಮಾತು ಅದು. ಮಲೆನಾಡಿನಲ್ಲಿ ತರಕಾರಿ ಮಾಡುವುದು ಮಳೆ ಕಳೆದ ಮೇಲೆ. ಮಡಿಗೆ ಬಿಸಿಲು ಬೇಕಾಗುವುದು ಅಕ್ಟೋಬರ್‌ನಿಂದ ಜನವರಿವರೆಗೆ. ನಾವು ನೋಡಿದ್ದು ಮಾರ್ಚ್ ಬಿಸಿಲು.

ಮಳೆ ನಿಲ್ಲುವ ಹೊತ್ತಿಗೆ ಮಡಿ ಎಬ್ಬಿಸಿ ಸಸಿ ನೆಟ್ಟೆವು. ಮೊದಲ ಎರಡು ವಾರ ಚೆನ್ನಾಗಿತ್ತು. ಆಮೇಲೆ ಗಿಡ ಎತ್ತರಕ್ಕೇ ಎಳೆಯತೊಡಗಿತು. ಒಂದು ಗೆಣ್ಣಿಗೂ ಇನ್ನೊಂದಕ್ಕೂ ಗೇಣುದ್ದ ಅಂತರ. ಕಾಂಡ ಪೆನ್ಸಿಲಿಗಿಂತ ಸಪೂರ. ಎಲೆ ಮಾತ್ರ ಕಡು ಹಸಿರು, ಮುಟ್ಟಿದರೆ ಮೆತ್ತಗೆ. ಹೂ ಬಂತು, ಬಂದ ಹಾಗೇ ಉದುರಿತು. ಗಿಡ ಸೊರಗಿದೆ ಅಂತ ಸಗಣಿ ಗೊಬ್ಬರ, ಯೂರಿಯಾ ಎರಡೂ ಕೊಡಿಸಿದೆವು. ಬಿಸಿಲು ಕಡಿಮೆ ಇದ್ದಲ್ಲಿ ಸಾರಜನಕ ಜಾಸ್ತಿ ಕೊಟ್ಟರೆ ಗಿಡ ಇನ್ನೂ ಉದ್ದ ಎಳೆಯುತ್ತದೆ, ಎಲೆ ಇನ್ನೂ ಮೆತ್ತಗಾಗುತ್ತದೆ, ರೋಗ ಹತ್ತುವುದು ಸುಲಭವಾಗುತ್ತದೆ. ನಮ್ಮಲ್ಲಿ ಬೆಳಗ್ಗೆ ಹತ್ತಾದರೂ ಎಲೆ ಮೇಲಿನ ಇಬ್ಬನಿ ಆರುವುದಿಲ್ಲ. ನವೆಂಬರ್ ಕೊನೆಗೆ ಅಂಗಮಾರಿ ಬಂತು. ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದೆವು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಎಲ್ಲ ಸರಿಯಾಗೇ ಇತ್ತು. ಆದರೆ ಗಾಳಿ ಬಿಸಿಲು ಇಲ್ಲದ ಕಡೆ ಬೋರ್ಡೋ ಒಂದೇ ಎಷ್ಟು ತಡೆದೀತು?

ಇದೇ ಹೊತ್ತಿಗೆ ರೆಸಾರ್ಟ್ ಕಡೆಯಿಂದ 'ನಮ್ಮ ತೋಟದ ಟೊಮೆಟೊ' ಅಂತ ಬೋರ್ಡ್ ಬಂತು. ಕ್ರಿಸ್‌ಮಸ್ ವಾರಕ್ಕೆ ರೂಮುಗಳೆಲ್ಲ ಬುಕ್. ದಿನಾ ಹನ್ನೊಂದಕ್ಕೆ ಗಾರ್ಡನ್ ವಾಕ್. ಪ್ರತಿ ಸೋಮವಾರ ಒಂದು ಎಕ್ಸೆಲ್ ಶೀಟ್ ತುಂಬಿ ಕಳಿಸಬೇಕು, ಮಡಿಗೆ ಎಷ್ಟು ಕೆಜಿ ಬಂತು, ಮುಂದಿನ ವಾರ ಎಷ್ಟು ಬರುತ್ತದೆ ಅಂತ. ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಅಂತ ಬರೆಯಲು ಆ ಶೀಟಿನಲ್ಲಿ ಕಾಲಂ ಇರಲಿಲ್ಲ. ಇದನ್ನು ಮೀಟಿಂಗ್‌ನಲ್ಲಿ ಹೇಳಿದೆ. "ಫಾರ್ಮ್ಯಾಟ್ ಹೆಡ್ ಆಫೀಸಿಂದು, ಚೇಂಜ್ ಮಾಡೋಕಾಗಲ್ಲ" ಅಂದರು.

ಆ ದಿನ ನಾನು ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಹಾಕಿದ ಕಾಫಿ ಬೀಜ) ತಿರುವಿಸುತ್ತಿದ್ದೆ. ಅಡುಗೆಮನೆ ಕಡೆಯಿಂದ ಪವರ್ ಸಾ ಶಬ್ದ ಕೇಳಿಸಿತು. ಕುಯ್ಲು ನಡೆಯುವಾಗ ನಮ್ಮ ತೋಟದಲ್ಲಿ ಮರದ ಕೆಲಸ ಇಟ್ಟುಕೊಳ್ಳುವುದಿಲ್ಲ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಸಾಮಾನ್ಯವಾಗಿ ಮಳೆಗೆ ಮುಂಚೆ. ಮೇಸ್ತ್ರಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಅವನು ಜನ ಕರೆದುಕೊಂಡು ಅತ್ತಿಮರದ ಆಚೆ ಬ್ಲಾಕಿನಲ್ಲೇ ಇದ್ದಾನೆ ಅಂತ ನೆನಪಾದ ಕೂಡಲೇ ಓಡಿದೆ.

ಹೋಗಿ ನೋಡಿದರೆ ಹೊರಗಿನಿಂದ ಕರೆಸಿದ ಹುಡುಗ ಅತ್ತಿಮರದ ಕವಲಿನಲ್ಲಿ ನಿಂತಿದ್ದಾನೆ. ದೊಡ್ಡ ಕೊಂಬೆಗೆ ಹಗ್ಗ ಕಟ್ಟಿದ್ದಾರೆ. ಹಗ್ಗದ ತುದಿ ಹಿಡಿದವರು ಹೌಸ್‌ಕೀಪಿಂಗ್‌ನ ಇಬ್ಬರು ಹುಡುಗರು, ಕಾಲಿಗೆ ಚಪ್ಪಲಿ. ಜಿಎಂ ಕೆಳಗೆ ನಿಂತು ಕೈ ತೋರಿಸುತ್ತಿದ್ದಾರೆ. ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು ಅಂತ ಹಿಂದೆ ಅವರಿಗೆ ಹೇಳಿದ್ದೆ. "ಮರ ಕಡೀತಿಲ್ಲ, ಕೊಂಬೆ ಅಷ್ಟೆ" ಅಂದರು. ಕೊಂಬೆಯ ಸೀದಾ ಕೆಳಗೆ, ಬೇಲಿಯ ಆಚೆ, ಗಿಡದ ಸಂದಿಯಲ್ಲಿ ಹೆಂಗಸರ ತಲೆಗೆ ಕಟ್ಟಿದ ಬಟ್ಟೆಗಳು ಕಾಣಿಸುತ್ತಿದ್ದವು.

ಕೂಗಿದೆ. ಮೇಲಿದ್ದವನಿಗೆ ಮಿಷನ್ ಶಬ್ದದಲ್ಲಿ ಏನೂ ಕೇಳಲಿಲ್ಲ. ಅವನನ್ನು ನಿಲ್ಲಿಸಲು ಹೋಗಲೋ, ಜನರನ್ನು ಎಬ್ಬಿಸಲು ಹೋಗಲೋ ಅಂತ ಒಂದು ಕ್ಷಣ ಕಾಲು ನಿಂತೇ ಹೋಯಿತು. ಜನರ ಕಡೆ ಓಡಿದೆ. "ಏಳಿ, ಏಳಿ, ಕೊಂಬೆ ಬರ್ತಿದೆ, ಮೇಲ್ಗಡೆ ಹೋಗಿ!" ಅಂತ ಕೂಗುತ್ತ ಸಾಲಿಗೆ ನುಗ್ಗಿದೆ. ಅರೇಬಿಕಾ ಸಾಲಿನಲ್ಲಿ ಹಣ್ಣಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಓಡುವುದು ಸುಲಭ ಅಲ್ಲ. ಒಬ್ಬರು ಚೀಲ ಬಿಚ್ಚಲು ನಿಂತರು. "ಚೀಲ ಬಿಡಿ ಅಕ್ಕ" ಅಂತ ಕೈ ಹಿಡಿದು ಎಳೆದೆ. ಅಷ್ಟರಲ್ಲಿ ಕೊಂಬೆ ಚಟಚಟ ಅಂದಿತು. ಪೂರ್ತಿ ಕುಯ್ಯುವ ಮೊದಲೇ ಮೆಣಸಿನ ಬಳ್ಳಿಯ ಭಾರಕ್ಕೆ ಸೀಳಿ, ಹಗ್ಗದ ಹುಡುಗರನ್ನು ಎಳೆದುಕೊಂಡು, ತಿರುಗಿ ಬೇಲಿ ಮೇಲೆ ಬಿತ್ತು. ತುದಿ ನಾವು ಬಿಟ್ಟು ಬಂದ ಸಾಲಿನ ಮೇಲೇ ಇತ್ತು.

ಮೇಸ್ತ್ರಿ ಚೆಕ್‌ರೋಲ್ ಹಿಡಿದು ಹೆಸರು ಕೂಗಿ ಕೂಗಿ ಎಣಿಸಿದ. ಒಬ್ಬರು ನೀರು ಕುಡಿಯಲು ಲೈನ್ (ಆಳುಗಳ ಸಾಲುಮನೆ) ಕಡೆ ಹೋಗಿದ್ದರು. ಅವರು ಬರುವವರೆಗಿನ ಆ ಐದಾರು ನಿಮಿಷ ಯಾರೂ ಮಾತಾಡಲಿಲ್ಲ. ಎಲೆ ರಾಶಿಯನ್ನು ಕೈಯಿಂದ ಸರಿಸಿ ಸರಿಸಿ ನೋಡುತ್ತಿದ್ದೆ. ಯಾರಿಗೂ ಏನೂ ಆಗಿರಲಿಲ್ಲ. ಬೆಳೆದು ನಿಂತಿದ್ದ ಮೆಣಸಿನ ಗೊಂಚಲು ನೆಲಕ್ಕೆ ಬಿದ್ದಿತ್ತು. ಕುಯ್ಯಲು ಇನ್ನೊಂದು ತಿಂಗಳು ಬಾಕಿ ಇತ್ತು ಅಷ್ಟೆ.

ಆಮೇಲೆ ಮಡಿ ಕಡೆ ತಿರುಗಿ ನೋಡಿದರೆ, ಮಡಿ ಇನ್ನೂ ನೆರಳಿನಲ್ಲೇ ಇತ್ತು. ನೆರಳು ಅತ್ತಿಮರದ್ದಲ್ಲ. ದಕ್ಷಿಣದ ಸಿಲ್ವರ್ ಓಕ್ ಸಾಲಿನದು.

ಈ ಲೆಕ್ಕವನ್ನು ಪ್ರತಿ ತೋಟದವರೂ ತಿಳಿದುಕೊಳ್ಳಬೇಕು. ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಎತ್ತರ ಬರೀ 53-54 ಡಿಗ್ರಿ. 60 ಅಡಿ ಮರದ ನೆರಳು ಆಗ ಉತ್ತರಕ್ಕೆ ಸುಮಾರು 44 ಅಡಿ ಚಾಚುತ್ತದೆ. ಅದೇ ಮರದ ನೆರಳು ಮಾರ್ಚ್ 21ರ ಮಧ್ಯಾಹ್ನ 14 ಅಡಿ ಮಾತ್ರ. ಏಪ್ರಿಲ್ ಕೊನೆ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ಮಧ್ಯಾಹ್ನ ನಮ್ಮ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಜೂನ್ 21ಕ್ಕೆ ಆ ನೆರಳು ದಕ್ಷಿಣಕ್ಕೆ ತಿರುಗಿ 11 ಅಡಿಗೆ ಇಳಿಯುತ್ತದೆ. ನಮ್ಮ ಮಡಿ ಇದ್ದದ್ದು ಓಕ್ ಸಾಲಿನಿಂದ ಇಪ್ಪತ್ತು ಅಡಿ ದೂರದಲ್ಲಿ. ಮಾರ್ಚ್‌ನಲ್ಲಿ ಬಿಸಿಲು, ಡಿಸೆಂಬರ್‌ನಲ್ಲಿ ಕತ್ತಲೆ. ಉತ್ತರದ ಅತ್ತಿಮರವನ್ನು ಬುಡಸಮೇತ ತೆಗೆದಿದ್ದರೂ ಚಳಿಗಾಲದ ಟೊಮೆಟೊಗೆ ಒಂದು ಗಂಟೆ ಮಧ್ಯಾಹ್ನದ ಬಿಸಿಲೂ ಜಾಸ್ತಿ ಸಿಗುತ್ತಿರಲಿಲ್ಲ. ನೆತ್ತಿ ಮೇಲೆ ಕಾಣುವ ಮರದ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ದಕ್ಷಿಣಕ್ಕೆ ಏನಿದೆ ನೋಡಬೇಕಿತ್ತು.

ಮರುದಿನ ಗೂಟ ಮತ್ತು ಸುಣ್ಣದ ಪುಡಿ ತೆಗೆದುಕೊಂಡು ಕೂತೆ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಗಂಟೆಗೊಮ್ಮೆ ಬಿಸಿಲಿನ ಅಂಚಿಗೆ ಸುಣ್ಣದ ಗೆರೆ. ಸಂಜೆಗೆ ಇಡೀ ಜಾಗದ ನಕ್ಷೆ ನೆಲದ ಮೇಲೇ ಸಿಕ್ಕಿತು. ಆರು ಗಂಟೆ ಬಿಸಿಲು ಬೀಳುವ ಜಾಗ ಒಂದೂ ಇರಲಿಲ್ಲ. ಟೊಮೆಟೊ, ಬದನೆ, ಬೆಂಡೆ ತರಹ ಕಾಯಿ ಬಿಡುವ ಗಿಡಕ್ಕೆ ಅಷ್ಟು ಬೇಕೇ ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು. ಅಂಥ ಜಾಗ ಪೂರ್ವದ ಅಂಚಿನಲ್ಲಿ ಒಂದು ಪಟ್ಟಿ ಇತ್ತು. ಉಳಿದದ್ದೆಲ್ಲ ಎಲೆ ಸಂದಿಯಿಂದ ಚುಕ್ಕೆ ಚುಕ್ಕೆ ಬೀಳುವ ಬಿಸಿಲು.

ಅಡುಗೆಯ ಹುಡುಗ ಕುಂದಾಪುರದವನು. ಅವನನ್ನು ಕರೆದು ತೋರಿಸಿದೆ. ಅವನು ಹೇಳಿದ್ದು ಇಷ್ಟೆ: "ಟೊಮೆಟೊ ನಂಗೆ ಸಂತೇಲೇ ಸಿಗುತ್ತೆ ರೈಟ್ರೇ. ಒಳ್ಳೇ ಕೆಸುವಿನ ಎಲೆ, ಚಕ್ರಮುನಿ, ಕಾಡು ಕೊತ್ತಂಬರಿ ದುಡ್ಡು ಕೊಟ್ರೂ ಸಿಗಲ್ಲ."

ಅಲ್ಲಿಂದ ಪಟ್ಟಿ ಬದಲಾಯಿತು. ಪೂರ್ವದ ಪಟ್ಟಿಗೆ ಬಸಳೆ, ಪಾಲಕ್, ಜೀರಿಗೆ ಮೆಣಸು. ನೆರಳಿಗೆ ಕೆಸು, ಶುಂಠಿ, ಅರಿಶಿನ, ಸುವರ್ಣಗೆಡ್ಡೆ. ತೇವ ನಿಲ್ಲುವ ತಗ್ಗಿಗೆ ಒಂದೆಲಗ. ಬೇಲಿ ಉದ್ದಕ್ಕೂ ಚಕ್ರಮುನಿ ಕಡ್ಡಿ ಚುಚ್ಚಿದೆವು, ಅದಕ್ಕೆ ಹೆಚ್ಚು ಆರೈಕೆಯೂ ಬೇಕಾಗಲಿಲ್ಲ. ಕಾಡು ಕೊತ್ತಂಬರಿ ಬಗ್ಗೆ ಎಷ್ಟು ಹೇಳಿದರೂ ಸಾಲದು. ಬಿಸಿಲಿಗೆ ಇಟ್ಟರೆ ಬೇಗ ಹೂದಂಟು ಎದ್ದು ಮುಳ್ಳು ಮುಳ್ಳಾಗುತ್ತದೆ, ಎಲೆ ಗಿಡ್ಡ. ನೆರಳಿಗೆ ಇಟ್ಟರೆ ಎಲೆ ಅಗಲ, ಉದ್ದ, ಮೆತ್ತಗೆ. ಹೂದಂಟು ಕಂಡ ಕೂಡಲೇ ಚಿವುಟಿದರೆ ತಿಂಗಳುಗಟ್ಟಲೆ ಕುಯ್ಯಬಹುದು. ಮಾಮೂಲಿ ಕೊತ್ತಂಬರಿ ಕೊಳೆಯುವ ಮಳೆಯಲ್ಲೂ ಇದು ನಿಲ್ಲುತ್ತದೆ.

ನೆರಳಿಗಿಂತ ದೊಡ್ಡ ತಲೆನೋವು ಬೇರು. ಮರದ ಪಕ್ಕ ಮಡಿ ಮಾಡಿ ಗೊಬ್ಬರ ನೀರು ಕೊಟ್ಟರೆ ಮೊದಲು ತಿನ್ನುವುದು ಮರ. ಸತ್ತ ಟೊಮೆಟೊ ಮಡಿ ಅಗೆದಾಗ ಒಳಗೆಲ್ಲ ಕೂದಲಿನ ಹಾಗೆ ಸಿಲ್ವರ್ ಓಕ್ ಬೇರು ಹೆಣೆದುಕೊಂಡಿತ್ತು. ಈಗ ಸಾಲಿಗೂ ಮಡಿಗೂ ನಡುವೆ ಎರಡು ಅಡಿ ಆಳದ ಟ್ರೆಂಚ್ ಇದೆ. ವರ್ಷಕ್ಕೊಮ್ಮೆ ಮತ್ತೆ ಕಡಿದು ಬಿಡಬೇಕು. ದೊಡ್ಡ ಬೇರು ಸಿಕ್ಕರೆ ಅದನ್ನು ಮುಟ್ಟಬಾರದು, ಗಾಳಿಗೆ ಮರ ಉರುಳೀತು. ಮಡಿಗೆ ಹಾಲುವಾಣದ ಸೊಪ್ಪು ಹೊದಿಸುತ್ತೇವೆ, ಅದು ಬೇಗ ಕೊಳೆಯುತ್ತದೆ. ಓಕ್ ತರಗು ದಾರಿಗೆ ಹಾಕುವುದೇ ಸರಿ, ಕರಗಲು ತುಂಬ ಹೊತ್ತು ಹಿಡಿಯುತ್ತದೆ. ನಮ್ಮ ಮಳೆಗೆ ಮಣ್ಣು ಹುಳಿಯಾಗುತ್ತಲೇ ಇರುತ್ತದೆ, ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡಬೇಕು. ತಂಪು ಜಾಗ ಅಂದರೆ ಬಸವನಹುಳು ಬಂದೇ ಬರುತ್ತದೆ. ಬೆಲ್ಲದ ನೀರಿನಲ್ಲಿ ಅದ್ದಿದ ಗೋಣಿಚೀಲ ಸಂಜೆ ಹಾಸಿ, ಬೆಳಗ್ಗೆ ಎತ್ತಿ, ಅಡಿಗೆ ಸೇರಿದ್ದನ್ನು ಆರಿಸಿ ತೆಗೆಯುತ್ತೇವೆ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ.

ಟೊಮೆಟೊ ಬೋರ್ಡ್ ತೆಗೆಸಲು ಸಾಹುಕಾರ್ರ ಹತ್ತಿರವೇ ಹೋಗಬೇಕಾಯಿತು. ಬುಟ್ಟಿಗೆ ಸಂತೆ ಟೊಮೆಟೊ ತುಂಬಿ ಮಡಿ ಪಕ್ಕ ಇಡೋಣ ಅಂತ ಒಂದು ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಗಾರ್ಡನ್ ವಾಕ್‌ಗೆ ಬರುವವರ ಜೊತೆ ನಿಂತು ಮಾತಾಡುವವನು ನಾನು. "ಇದು ಇಲ್ಲೇ ಬೆಳೆದಿದ್ದಾ?" ಅಂತ ಒಂದು ಮಗು ಕೇಳಿದರೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ. ಈಗ ಬಂದವರಿಗೆ ಒಂದೆಲಗದ ತಂಬುಳಿ ಕೊಟ್ಟು, ಅದು ಬೆಳೆದ ತಗ್ಗನ್ನು ತೋರಿಸುತ್ತೇನೆ. ಮಳೆಗಾಲದಲ್ಲಿ ಪತ್ರೊಡೆ. ಯಾರೂ ಟೊಮೆಟೊ ಎಲ್ಲಿ ಅಂತ ಕೇಳುತ್ತಿಲ್ಲ.

ಟೊಮೆಟೊ ಬೇಕೇ ಬೇಕು ಅನ್ನುವವರಿಗೆ ತೋಟದಲ್ಲಿ ಒಂದು ಜಾಗ ಇದ್ದೇ ಇದೆ. ಅದು ಕಣದ ಅಂಚು. ಹಣ್ಣು ಒಣಗಿಸಲು ನಮ್ಮ ಹಿರಿಯರು ಆರಿಸಿದ ಜಾಗ ಅಲ್ವಾ, ಡಿಸೆಂಬರ್‌ನಲ್ಲೂ ದಿನವಿಡೀ ಬಿಸಿಲು. ಹಳೇ ಗೊಬ್ಬರದ ಚೀಲಗಳಲ್ಲಿ ಮಣ್ಣು ತುಂಬಿ ಅಲ್ಲಿ ಕೆಲವು ಗಿಡ ಇಟ್ಟಿದ್ದೇನೆ. ಲೈನ್ ಮನೆಯವರೂ ಕುಯ್ದುಕೊಳ್ಳುತ್ತಾರೆ.

ಕುಯ್ಲಿನ ಸಮಯದಲ್ಲಿ ಪವರ್ ಸಾ ತೋಟದ ಒಳಗೆ ಬರಬಾರದು, ಬೇರೆ ದಿನಗಳಲ್ಲಿ ಬಂದರೆ ಮೇಸ್ತ್ರಿಯ ಸಹಿ ಇಲ್ಲದೆ ಸ್ಟಾರ್ಟ್ ಆಗಬಾರದು ಅಂತ ಈಗ ಗೇಟಿನ ರಿಜಿಸ್ಟರ್‌ನಲ್ಲೇ ಬರೆಸಿದ್ದೇನೆ. ಓಕ್ ಸಾಲಿನ ಕೆಳಗಿನ ಕೊಂಬೆಗಳನ್ನು ಸೆಪ್ಟೆಂಬರ್‌ನಲ್ಲಿ, ಕುಯ್ಲು ಶುರುವಾಗುವ ಮೊದಲು, ನಮ್ಮ ಮರಗಸಿಯವರಿಂದಲೇ ತೆಗೆಸಲು ಖರ್ಚಿನ ಅಂದಾಜು ಕಳಿಸಿದ್ದೇನೆ. ಹೆಡ್ ಆಫೀಸಿನಿಂದ ಇನ್ನೂ ಉತ್ತರ ಬಂದಿಲ್ಲ. ಎಕ್ಸೆಲ್ ಶೀಟ್‌ಗೆ ಬಿಸಿಲಿನ ಕಾಲಂ ನಾನೇ ಸೇರಿಸಿಕೊಂಡಿದ್ದೇನೆ.